ಗೈಡಿನಲ್ಲಿ ಸಿಗದ ಅಮೆರಿಕ

ನಮ್ಮ ಕಡೆ ಅಮೆರಿಕನ್ ಸಾಹಿತ್ಯದ ಪಾಠ ಎಷ್ಟೋ ಸಲ ಜೆರಾಕ್ಸ್ ಅಂಗಡಿಯಲ್ಲೇ ಶುರುವಾಗುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಪದವಿ ಕಾಲೇಜುಗಳಿಗೆ ಹಳ್ಳಿಗಳಿಂದ ಬಸ್ಸು ಹಿಡಿದು ಬಂದು, ಐಚ್ಛಿಕ ಇಂಗ್ಲಿಷ್ ತೆಗೆದುಕೊಳ್ಳುವ ಮಕ್ಕಳಲ್ಲಿ ಬಹಳಷ್ಟು ಮಂದಿ ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರ ಕೈಗೆ ಪುಸ್ತಕಕ್ಕಿಂತ ಮೊದಲು ನೋಟ್ಸ್ ಬರುತ್ತದೆ. ಹೆಮಿಂಗ್ವೇಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ (1952) ಬಗ್ಗೆ ಕೇಳಿ ನೋಡಿ. ಸಮುದ್ರ ಯಾವುದರ ಸಂಕೇತ, ಮೀನು ಯಾವುದರ ಸಂಕೇತ ಎಂದು ಥಟ್ಟನೆ ಹೇಳುತ್ತಾರೆ. 84 ದಿನ ಬರಿಗೈಯಲ್ಲಿ ಮರಳಿದ ಮುದುಕನ ಅಂಗೈಯನ್ನು ಹಗ್ಗ ಹೇಗೆ ಕೊಯ್ಯಿತು, ಎಡಗೈ ಮರಗಟ್ಟಿದಾಗ ಅವನು ಅದನ್ನು ಹೇಗೆ ಮಾತಾಡಿಸಿದ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ತನ್ನ ಕಥೆಯಲ್ಲಿ ಸಂಕೇತಗಳಿಲ್ಲ, ಸಮುದ್ರ ಎಂದರೆ ಸಮುದ್ರವೇ ಎಂದು ಹೆಮಿಂಗ್ವೇಯೇ ಕಲಾವಿಮರ್ಶಕ ಬೆರೆನ್‌ಸನ್‌ಗೆ ಪತ್ರ ಬರೆದಿದ್ದ. ಲೇಖಕ ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ. ಆದರೆ ಆ ಕೈಯನ್ನು ಕಾಣದವರಿಗೆ ಸಂಕೇತವೂ ದಕ್ಕುವುದಿಲ್ಲ.

ಇದರಲ್ಲಿ ಮಕ್ಕಳ ತಪ್ಪೇನಿಲ್ಲ. ತಪ್ಪಿರುವುದು ನಾವು ಪಾಠಕ್ಕೆ ಆರಿಸಿಕೊಂಡ ದಾರಿಯಲ್ಲಿ. ಇಪ್ಪತ್ತನೇ ಶತಮಾನದ ಅಮೆರಿಕನ್ ಬರಹದ ದೊಡ್ಡ ಸಾಧನೆ ಆಡುಮಾತನ್ನು ಸಾಹಿತ್ಯ ಮಾಡಿದ್ದು. ಫ್ರಾಸ್ಟ್ ನ್ಯೂ ಇಂಗ್ಲೆಂಡಿನ ರೈತರ ಮಾತನ್ನು, ಲ್ಯಾಂಗ್‌ಸ್ಟನ್ ಹ್ಯೂಸ್ ಕಪ್ಪುಜನರ ಬ್ಲೂಸ್ ಹಾಡಿನ ಲಯವನ್ನು ಕವಿತೆಗೆ ತಂದರು. ಸಾರಾಂಶ ಬರೆದಾಗ ಮೊದಲು ಉದುರಿಹೋಗುವುದು ಆ ಮಾತೇ. ವಿಲಿಯಂ ಕಾರ್ಲೋಸ್ ವಿಲಿಯಮ್ಸ್‌ನ ಕೆಂಪು ತಳ್ಳುಗಾಡಿಯ ಕವಿತೆಯಲ್ಲಿ (1923) ಇರುವುದು ಬರೀ 16 ಪದ. ನಿಘಂಟು ಬೇಡ, ಗೈಡೂ ಬೇಡ. ಮಳೆನೀರು ಎಂಬ ಪದವನ್ನು ಕವಿ ಎರಡು ಸಾಲಿಗೆ ಹಂಚಿ, ‘ಮಳೆ’ ಆದಮೇಲೆ ಓದುವವರನ್ನು ಒಂದು ಕ್ಷಣ ನಿಲ್ಲಿಸುತ್ತಾನೆ. ಬೋರ್ಡಿನ ಮೇಲೆ ಬರೆದು ಹತ್ತು ನಿಮಿಷ ಕೂತು ನೋಡಿದರೆ ಕಾವ್ಯದ ಸಾಲು ಹೇಗೆ ಕೆಲಸ ಮಾಡುತ್ತದೆಂದು ಯಾರಿಗಾದರೂ ತಿಳಿಯುತ್ತದೆ. ಅದರ ಪಕ್ಕದಲ್ಲೇ ಒಂದು ವಚನವನ್ನೂ, ಷಿಕಾಗೋದಲ್ಲಿ ಪಾಠ ಹೇಳುತ್ತಿದ್ದ ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ ಅದಕ್ಕೆ ಮಾಡಿದ ಇಂಗ್ಲಿಷ್ ಅನುವಾದವನ್ನೂ ಇಟ್ಟರೆ ಕನ್ನಡ ಬಲ್ಲ ವಿದ್ಯಾರ್ಥಿಯೇ ಮೇಷ್ಟರಿಗೆ ನಾಲ್ಕು ಮಾತು ಹೇಳಬಲ್ಲ.

ಟೋನಿ ಮಾರಿಸನ್‌ರ ‘ದಿ ಬ್ಲೂಯೆಸ್ಟ್ ಐ’ (1970) ತೆರೆದುಕೊಳ್ಳುವುದು ಮಕ್ಕಳ ಇಂಗ್ಲಿಷ್ ಪಾಠದಿಂದ: ಚೆಂದದ ಮನೆ, ಅಪ್ಪ, ಅಮ್ಮ, ನಾಯಿ. ಅದೇ ಪಾಠ ಎರಡನೇ ಸಲ ಬರುವಾಗ ಪೂರ್ಣವಿರಾಮಗಳಿಲ್ಲ. ಮೂರನೇ ಸಲ ಪದಗಳ ನಡುವೆ ಜಾಗವೇ ಇಲ್ಲ, ಎಲ್ಲ ಒಂದಕ್ಕೊಂದು ಅಂಟಿಕೊಂಡು ಉಸಿರುಗಟ್ಟುತ್ತವೆ. ಗೈಡಿನಲ್ಲಿ ಇದಕ್ಕೆ ಸಿಗುವುದು ‘ವರ್ಣಭೇದದ ಪರಿಣಾಮ’ ಎಂಬ ಒಂದು ಸಾಲು. ಇಂಗ್ಲಿಷ್ ಪುಸ್ತಕ ತೆರೆದಾಗ ಅಕ್ಷರಗಳೆಲ್ಲ ಕಲಸಿಹೋದಂತೆ ಕಂಡು ಹೆದರಿದ ಹುಡುಗಿ ಆ ಮೂರನೇ ಸಲದ ಪಾಠವನ್ನು ಕಣ್ಣಾರೆ ನೋಡಬೇಕು. ನೀಲಿ ಕಣ್ಣು ಬೇಕೆಂದು ಹಂಬಲಿಸುವ ಪೆಕೋಲಾಳ ನೋವು ಅವಳಿಗೆ ಅಲ್ಲಿಂದಲೇ ತಾಕೀತು.

ನನ್ನ ಕೈಯಲ್ಲಿದ್ದರೆ ಪಾವಗಡದಲ್ಲಿ ಸ್ಟೈನ್‌ಬೆಕ್‌ನ ‘ದಿ ಗ್ರೇಪ್ಸ್ ಆಫ್ ರಾತ್’ (1939) ಓದಿಸುತ್ತಿದ್ದೆ. ಪೂರ್ತಿ ಆಗದಿದ್ದರೆ ಬೇಡ, ಐದನೇ ಅಧ್ಯಾಯವೊಂದೇ ಸಾಕು. ಓಕ್ಲಹೋಮದಲ್ಲಿ ಬರ ಬಿದ್ದು, ಧೂಳೆದ್ದು, ಗೇಣಿದಾರರನ್ನು ಹೊಲದಿಂದ ಎಬ್ಬಿಸಲು ಟ್ರ್ಯಾಕ್ಟರ್ ಬಂದಿದೆ. ನಡೆಸುವವನು ಹೊರಗಿನವನಲ್ಲ, ಪರಿಚಿತರ ಮಗ. ದಿನಕ್ಕೆ ಮೂರು ಡಾಲರ್ ಕೂಲಿ. ಗೇಣಿದಾರ ಬಂದೂಕು ಹಿಡಿದು, ಇದಕ್ಕೆಲ್ಲ ಯಾರು ಹೊಣೆ ಎಂದು ಕೇಳುತ್ತಾನೆ. ಟ್ರ್ಯಾಕ್ಟರಿನವನು ಬ್ಯಾಂಕನ್ನು ತೋರಿಸುತ್ತಾನೆ, ಬ್ಯಾಂಕಿಗೆ ಆದೇಶ ಇನ್ನೆಲ್ಲಿಂದಲೋ. ಗುರಿಯಿಡಲು ಒಂದು ಮುಖವೂ ಸಿಗುವುದಿಲ್ಲ.

ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೆ? ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಪದೇ ಪದೇ ಮಳೆ ಕೈಕೊಡುವ ಸೀಮೆಯಲ್ಲಿ ಅದು ಅನೇಕ ಮನೆಗಳಿಗೆ ಆಸರೆಯೇ ಆಯಿತು. ಹಾಗಾಗಿ ಓಕ್ಲಹೋಮವೂ ಪಾವಗಡವೂ ಒಂದೇ ಎಂದು ಯಾರೂ ಬರೆಯಬಾರದು. ಅಂಥ ಸುಲಭದ ಹೋಲಿಕೆಯೂ ಇನ್ನೊಂದು ಗೈಡೇ ಆದೀತು. ವ್ಯತ್ಯಾಸವನ್ನು ಹಿಡಿದು ಓದಬೇಕು. ಗುತ್ತಿಗೆ ಹಣ ಸೇರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕಿದವರ ಹೆಸರು ಯಾವ ಕಾಗದದಲ್ಲೂ ಇಲ್ಲ. ಸ್ಟೈನ್‌ಬೆಕ್‌ನ ಗೇಣಿದಾರ ಹೇಳುವುದೂ ಇದನ್ನೇ: ಹುಟ್ಟಿದ್ದು, ದುಡಿದದ್ದು, ಸತ್ತದ್ದು ಇಲ್ಲೇ ಆದಮೇಲೆ ನೆಲ ನಮ್ಮದಲ್ಲವೆ, ಕಾಗದ ಯಾರದು? ಕೂಲಿ ಮಾಡುವವರ ಮನೆಯ ಹುಡುಗನೂ ಹೊಲ ಗುತ್ತಿಗೆಗೆ ಕೊಟ್ಟವರ ಮನೆಯ ಹುಡುಗಿಯೂ ಒಂದೇ ತರಗತಿಯಲ್ಲಿ ಕೂತು ಆ ಪುಟ ಓದಿದರೆ ಇಬ್ಬರ ಓದೂ ಒಂದೇ ಆಗಿರುವುದಿಲ್ಲ. ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ಅದಕ್ಕೆ ಬೇಕಾದದ್ದು ಹತ್ತಿಪ್ಪತ್ತು ಮೂಲ ಪ್ರತಿಗಳು, ವಾರಕ್ಕೊಂದು ಗಂಟೆ ಗಟ್ಟಿಯಾಗಿ ಓದುವ ಅವಕಾಶ. ಓದಿದ್ದನ್ನು ಮೊದಲು ಕನ್ನಡದಲ್ಲೋ, ಪಾವಗಡವಾದರೆ ತೆಲುಗಿನಲ್ಲೋ ಮಾತಾಡಲಿ. ಟ್ರ್ಯಾಕ್ಟರ್ ಮೇಲೆ ಕೂತ ಆ ಹುಡುಗ ಮಾಡಿದ್ದು ಸರಿಯೋ ತಪ್ಪೋ ಎಂದು ಜಗಳವಾಡಲಿ. ಇಂಗ್ಲಿಷಿನಲ್ಲಿ ಉತ್ತರ ಬರೆಯುವುದು ಮಾರನೇ ದಿನಕ್ಕಿರಲಿ.