ದಾರಿಯ ಋಣ ಮೊದಲು

ಯಾತ್ರೆಗೆ ಹೊರಟವರು ಊರವರ ಮುಂದೆ ಕೈಯೊಡ್ಡುವುದು ನಮಗೆ ಹೊಸದಲ್ಲ. ಭಿಕ್ಷೆ ಎತ್ತಿ ತಿರುಪತಿಗೆ ಬರುತ್ತೇನೆಂದು ಹರಕೆ ಹೊತ್ತವರು ಉಳ್ಳವರಾದರೂ ಮನೆಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಸಿಕ್ಕಿದ್ದು ತಿಮ್ಮಪ್ಪನ ಹುಂಡಿಗೆ. ನೀಡಿದವರಿಗೂ ಬೇಡಿದವರಿಗೂ ಅದರಲ್ಲಿ ಗೊಂದಲವಿಲ್ಲ. ಯುರೋಪಿನ ಅತಿ ಹೆಸರಾದ ಕಾಲ್ನಡಿಗೆ ಯಾತ್ರೆಯಲ್ಲಿ ಈಗ ಇನ್ನೊಂದು ಬಗೆಯ ಬೇಡಿಕೆ ಬೇರೂರಿದೆ. ನಡೆಯುವುದು ಸಂತನ ಸಮಾಧಿಗೆ. ಎತ್ತುವ ಹಣ ಕ್ಯಾನ್ಸರ್ ಸಂಶೋಧನೆಗೋ, ಸಾವಿನಂಚಿನ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್‌ಗೋ, ಮಕ್ಕಳ ಆಸ್ಪತ್ರೆಗೋ. ಈ ರೂಢಿಯನ್ನು ಮೆಚ್ಚುವವರು ಬಹಳ ಮಂದಿ, ಹಳಿಯುವವರೂ ಇದ್ದಾರೆ. ಮೆಚ್ಚುವವರು ಕೂಡಿದ ಮೊತ್ತವನ್ನು ತೋರಿಸುತ್ತಾರೆ, ಹಳಿಯುವವರು ನಡೆದವರ ಹೆಸರಾಸೆಯನ್ನು. ನಡುವೆ ದಾರಿಯ ಮಾತನ್ನು ಇಬ್ಬರೂ ಮರೆಯುತ್ತಾರೆ. ಸಹಾಯಾರ್ಥ ಯಾತ್ರೆ ಒಳ್ಳೆಯದೋ ಅಲ್ಲವೋ ಎಂದು ತೂಗುವಾಗ ನಾನು ಮೊದಲು ಕೇಳುವುದು ಒಂದೇ: ತನ್ನನ್ನು ಹೊತ್ತು ನಡೆಸಿದ ದಾರಿಯ ಋಣವನ್ನು ಈ ಯಾತ್ರಿ ತೀರಿಸಿದರೇ?

ಸ್ಪೇನಿನ ವಾಯವ್ಯ ಮೂಲೆಯಲ್ಲಿರುವ ಸಾಂತಿಯಾಗೊ ದೆ ಕಾಂಪೊಸ್ತೆಲಾದ ಕೆಥೆಡ್ರಲ್‌ನಲ್ಲಿ ಯೇಸುವಿನ ಶಿಷ್ಯ ಯಾಕೋಬನ ಸಮಾಧಿ ಇದೆಯೆಂಬುದು ನಂಬಿಕೆ. ಅಲ್ಲಿಗೆ ಹೋಗುವ ಹಲವು ದಾರಿಗಳಲ್ಲಿ ಪ್ರಸಿದ್ಧವಾದದ್ದು ಫ್ರಾನ್ಸಿನ ಗಡಿಯೂರು ಸೇಂಟ್ ಝಾಂ ಪಿಯೆ ದ ಪೋರ್‌ನಿಂದ ಹೊರಟು ಪಿರನೀಸ್ ಬೆಟ್ಟ ದಾಟಿ ಸಾಗುವ ಸುಮಾರು 780 ಕಿ.ಮೀ. ದಾರಿ. ನಾಲ್ಕೈದು ವಾರದ ನಡಿಗೆ. ಮಧ್ಯಯುಗದಲ್ಲಿ ಗಿಜಿಗುಡುತ್ತಿದ್ದ ಈ ದಾರಿ ಆಮೇಲೆ ಬಡವಾಯಿತು. 1980ರ ದಶಕದ ನಡುವಿನಲ್ಲೂ ವರ್ಷಕ್ಕೆ ಮೂರು ಸಾವಿರ ಯಾತ್ರಿಕರು ಮುಟ್ಟುತ್ತಿರಲಿಲ್ಲ. ಓ ಸೆಬ್ರೇರೊ ಎಂಬ ಬೆಟ್ಟದೂರಿನ ಪಾದ್ರಿ ಎಲಿಯಾಸ್ ವಲಿನ್ಯಾ ಆ ದಶಕದಲ್ಲಿ ಹಳದಿ ಬಣ್ಣದ ಡಬ್ಬಿ ಹಿಡಿದು ದಾರಿಯುದ್ದಕ್ಕೂ ಬಾಣದ ಗುರುತು ಬರೆಸಿದರು. 1987ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಇದನ್ನು ಯುರೋಪಿನ ಮೊದಲ ಸಾಂಸ್ಕೃತಿಕ ಮಾರ್ಗವೆಂದು ಸಾರಿತು, 1993ರಲ್ಲಿ ಸ್ಪೇನಿನೊಳಗಿನ ದಾರಿ ಯುನೆಸ್ಕೊ ಪಟ್ಟಿ ಸೇರಿತು. 2024ರಲ್ಲಿ ಯಾತ್ರೆ ಮುಗಿಸಿ ಪ್ರಮಾಣಪತ್ರ ಪಡೆದವರು ಸುಮಾರು ಐದು ಲಕ್ಷ.

ಈ ಜನಸಾಗರದ ಜೊತೆಗೇ ಬ್ರಿಟನ್, ಐರ್ಲೆಂಡ್‌ಗಳ ಒಂದು ಪದ್ಧತಿಯೂ ದಾರಿಗೆ ಬಂತು. ಅಲ್ಲಿ ಮ್ಯಾರಥಾನ್ ಓಡುವವರು, ಬೆಟ್ಟ ಹತ್ತುವವರು ಯಾವುದಾದರೂ ಸೇವಾಸಂಸ್ಥೆಯ ಹೆಸರಲ್ಲಿ ಪರಿಚಯದವರಿಂದ ದೇಣಿಗೆ ಎತ್ತುವುದು ಸಾಮಾನ್ಯ. ಹಿಂದೆ ಕಚೇರಿಯಲ್ಲಿ ಒಂದು ಹಾಳೆ ಕೈಯಿಂದ ಕೈಗೆ ಸಾಗುತ್ತಿತ್ತು. ಹೆಸರು, ಮೈಲಿಗೆ ಇಷ್ಟು ಪೆನ್ನಿ, ಸಹಿ. ಈಗ ಅದು ಫೋನಿನೊಳಗಿನ ಪುಟ. ಮೇಲೆ ಯಾತ್ರಿಯ ನಗುಮುಖ, ಕೆಳಗೆ ಯಾಕೆ ನಡೆಯುತ್ತಿದ್ದೇನೆಂಬ ನಾಲ್ಕು ಸಾಲು, ಪಕ್ಕದಲ್ಲಿ ಗುರಿ ಎಷ್ಟು, ಬಂದದ್ದೆಷ್ಟು ಎಂಬ ಲೆಕ್ಕ. ಬ್ರಿಟನ್ನಿನ ತೆರಿಗೆದಾರರು ಕೊಟ್ಟ ಪ್ರತಿ ಪೌಂಡಿಗೂ ಗಿಫ್ಟ್ ಏಡ್ ಯೋಜನೆಯಲ್ಲಿ ಸರ್ಕಾರ 25 ಪೆನ್ನಿ ಸೇರಿಸುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಇಂಥ ಪುಟದ ಕೊಂಡಿ ವಾಟ್ಸ್ಆ್ಯಪ್‌ನಲ್ಲಿ ಬರದವರು ಕಡಿಮೆ.

ಇದು ಪವಿತ್ರ ಯಾತ್ರೆಗೆ ಅಂಟಿದ ಹೊಸಗಾಲದ ಕೊಳೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಬ್ಬರ ಪರವಾಗಿ ಇನ್ನೊಬ್ಬರು ನಡೆಯುವುದು, ನಡೆಯಲಾಗದವರು ನಡೆಯುವವರಿಗೆ ಹಣ ಕೊಡುವುದು ಸಾಂತಿಯಾಗೊ ಯಾತ್ರೆಯಷ್ಟೇ ಹಳೆಯದು. ಮಧ್ಯಯುಗದ ಉಯಿಲುಗಳಲ್ಲಿ ತನ್ನ ಆತ್ಮದ ಸಲುವಾಗಿ ಯಾರಾದರೂ ಸಾಂತಿಯಾಗೊಗೆ ನಡೆದುಬರಲೆಂದು ಹಣ ತೆಗೆದಿಟ್ಟವರಿದ್ದಾರೆ. ಇಂದಿಗೂ ಸಾಂತಿಯಾಗೊದ ಯಾತ್ರಿ ಕಚೇರಿಯಲ್ಲಿ ಕೇಳಿಕೊಂಡರೆ ತೀರಿಹೋದವರ ಅಥವಾ ಕಾಯಿಲೆಯಿಂದ ನಡೆಯಲಾಗದವರ ಹೆಸರನ್ನೂ ಲ್ಯಾಟಿನ್ ಪ್ರಮಾಣಪತ್ರದಲ್ಲಿ ಬರೆದುಕೊಡುತ್ತಾರೆ. ಈ ಯಾತ್ರೆ ಇಂಥವರ ಪರವಾಗಿ ನಡೆಯಿತೆಂದು. ಹಾಸ್ಪಿಸ್‌ನಲ್ಲಿ ಕೊನೆಯುಸಿರೆಳೆದ ಅಮ್ಮನ ಹೆಸರಲ್ಲಿ ನಡೆದು, ಆ ಹಾಸ್ಪಿಸ್‌ಗೇ ಹಣ ಕೂಡಿಸುವ ಮಗಳು ಈ ಹಳೆಯ ಪರಂಪರೆಯ ನೇರ ವಾರಸುದಾರಳು. ಹಿಂದೆ ಹಣ ಕೊಟ್ಟವರಿಗೆ ಪುಣ್ಯ ಬರುತ್ತಿತ್ತು, ಈಗ ಮೂರನೆಯವರಿಗೆ ಔಷಧ, ಆರೈಕೆ ಸಿಗುತ್ತದೆ. ಇದನ್ನು ನಾನು ಏಳಿಗೆಯೆಂದೇ ಎಣಿಸುತ್ತೇನೆ. ಬರಿಯ ನಿಧಿಸಂಗ್ರಹವಾಗಿ ನೋಡಿದರೂ ಇದರಲ್ಲಿ ಒಂದು ಸೊಗಸಿದೆ: ಜಾಹೀರಾತು ಕಂಡು ಹಣ ಕೊಡದವರು ಪರಿಚಯದ ಒಬ್ಬರ ಕಾಲಿನ ಬೊಬ್ಬೆ ಕಂಡು ಕೊಡುತ್ತಾರೆ.

ನನ್ನ ತಕರಾರು ಶುರುವಾಗುವುದು ಪ್ರವಾಸದ ಖರ್ಚು ಯಾರದ್ದೆಂಬಲ್ಲಿ. ಹಲವು ಸಂಸ್ಥೆಗಳು ಟ್ರಾವೆಲ್ ಕಂಪನಿಗಳ ಜೊತೆ ಸೇರಿ ಗುಂಪು ಯಾತ್ರೆ ಏರ್ಪಡಿಸುತ್ತವೆ. ಯಾತ್ರಿಯ ಮುಂದೆ ಎರಡು ಆಯ್ಕೆ: ಖರ್ಚನ್ನು ಸ್ವಂತ ಜೇಬಿನಿಂದ ಭರಿಸಿ, ಕೂಡಿಸಿದ್ದನ್ನೆಲ್ಲ ಸಂಸ್ಥೆಗೆ ಕೊಡುವುದು ಒಂದು, ಇಷ್ಟು ಕನಿಷ್ಠ ದೇಣಿಗೆ ಎತ್ತುತ್ತೇನೆಂದು ಒಪ್ಪಿ, ವಿಮಾನ, ಹೋಟೆಲು, ಊಟದ ಖರ್ಚನ್ನು ಆ ದೇಣಿಗೆಯಿಂದಲೇ ಹೊಂದಿಸುವುದು ಇನ್ನೊಂದು. ಎರಡನೆಯದರಲ್ಲಿ ನೂರು ಪೌಂಡ್ ಕೊಟ್ಟ ಗೆಳೆಯ ತನ್ನ ಹಣ ಪೂರ್ತಿ ರೋಗಿಗಳಿಗೆ ಹೋಯಿತೆಂದುಕೊಂಡಿರುತ್ತಾನೆ. ಅದರಲ್ಲೊಂದು ಪಾಲು ಯಾತ್ರಿಯ ಟಿಕೆಟ್ಟಿಗೆ ಹೋಗಿರುತ್ತದೆ. ಬ್ರಿಟನ್ನಿನ ತೆರಿಗೆ ಇಲಾಖೆ ಕೂಡ ಈ ವ್ಯತ್ಯಾಸವನ್ನು ಗಮನಿಸಿದೆ. ಪ್ರವಾಸದ ಖರ್ಚನ್ನು ಸಂಸ್ಥೆಯೇ ಹೊತ್ತರೆ ಯಾತ್ರಿಯೂ ಹತ್ತಿರದ ಬಂಧುಗಳೂ ಕೊಟ್ಟ ಹಣಕ್ಕೆ ಗಿಫ್ಟ್ ಏಡ್ ಸಾಮಾನ್ಯವಾಗಿ ಸಿಗುವುದಿಲ್ಲ. ಯಾಕೆಂದರೆ ಅದು ಪೂರಾ ದಾನವಲ್ಲ, ಅದರೊಳಗೆ ಒಂದು ಪ್ರವಾಸದ ಖರೀದಿ ಸೇರಿದೆ. ಕಾನೂನಿಗೆ ಕಂಡದ್ದನ್ನು ದೇಣಿಗೆ ಪುಟದ ಮೊದಲ ಸಾಲಿನಲ್ಲಿ ಬರೆಯಲು ಯಾತ್ರಿಗೆ ಏನಡ್ಡಿ?

ಗುಂಪು ಯಾತ್ರೆಗಳು ಹೆಚ್ಚಾಗಿ ಹೊರಡುವುದು ಇದೇ ದಾರಿಯ ಸಾರ್ರಿಯಾ ಎಂಬ ಊರಿನಿಂದ. ಪ್ರಮಾಣಪತ್ರ ಬೇಕಾದರೆ ಕಾಲ್ನಡಿಗೆಯಲ್ಲಿ ಕಡೆಯ 100 ಕಿ.ಮೀ. ಆದರೂ ನಡೆದಿರಬೇಕು, ಯಾತ್ರಾ ಪುಸ್ತಿಕೆಯಲ್ಲಿ ದಿನಕ್ಕೆ ಎರಡು ಸೀಲು ಹಾಕಿಸಿರಬೇಕು. ಸಾರ್ರಿಯಾ ಆ ಗೆರೆಗೆ ತುಸು ಆಚೆಗಿದೆ. ವಾರದ ರಜೆ ಮಾತ್ರ ಸಿಗುವವರು ಅಷ್ಟೇ ನಡೆದರೆ ಅದನ್ನು ಸಣ್ಣದೆನ್ನಲಾರೆ. ಯಾತ್ರೆ ದೂರದ ಪೈಪೋಟಿಯಲ್ಲ. ಆದರೆ ಚೀಲವನ್ನು ವ್ಯಾನು ಹೊತ್ತೊಯ್ದು, ಹೋಟೆಲಿನಲ್ಲಿ ಮಲಗಿ ಮುಗಿಸಿದ ವಾರವನ್ನು ಕಠಿಣ ತಪಸ್ಸೆಂಬಂತೆ ಬಣ್ಣಿಸಿ ಹಣ ಕೇಳುವುದು ಕೊಡುವವರ ನಂಬಿಕೆಗೆ ಮಾಡುವ ಅನ್ಯಾಯ.

ಈಗ ದಾರಿಯ ಮಾತಿಗೆ ಬರುತ್ತೇನೆ. 1109ರಲ್ಲಿ ತೀರಿಕೊಂಡ ಸಂತ ದೊಮಿಂಗೊ ತನ್ನ ಆಯುಷ್ಯವನ್ನೆಲ್ಲ ಈ ದಾರಿಗೆ ಕೊಟ್ಟವನು. ಓಹಾ ನದಿಗೆ ಸೇತುವೆ ಕಟ್ಟಿದ, ಕಾಡು ಕಡಿದು ದಾರಿ ಮಾಡಿದ, ಯಾತ್ರಿಕರಿಗೆ ಛತ್ರ ಎಬ್ಬಿಸಿದ. ಅವನ ಹೆಸರಿನ ಊರು ದಾಟಿ ಗೋಧಿ ಹೊಲಗಳ ನಡುವೆ ಒಂದೂವರೆ ಗಂಟೆ ನಡೆದರೆ ಗ್ರಾನ್ಯೋನ್ ಎಂಬ ಸಣ್ಣ ಹಳ್ಳಿ. ಅಲ್ಲಿನ ಚರ್ಚಿನ ಕಟ್ಟಡದಲ್ಲೇ ಯಾತ್ರಿಕರ ತಂಗುದಾಣವಿದೆ. ಕಡಿದಾದ ಕಲ್ಲುಮೆಟ್ಟಿಲು ಹತ್ತಿ ಹೋದರೆ ನೆಲದ ಮೇಲೆ ಹಾಸಿದ ತೆಳು ಹಾಸಿಗೆ, ಉದ್ದನೆಯ ಮೇಜಿನಲ್ಲಿ ಎಲ್ಲರೂ ಕೂಡಿ ಮಾಡುವ ರಾತ್ರಿಯೂಟ. ದರಪಟ್ಟಿ ಇಲ್ಲ. ಒಂದು ಪೆಟ್ಟಿಗೆ ಮಾತ್ರ ಇದೆ, ಬೀಗವಿಲ್ಲದೆ ಮುಚ್ಚಳ ತೆರೆದೇ ಇರುತ್ತದೆ. ಆದಷ್ಟು ಹಾಕಿ, ಬೇಕಾದವರು ಅದರಿಂದಲೇ ತೆಗೆದುಕೊಳ್ಳಿ ಎಂಬ ಅರ್ಥದ ಬರಹ ಅದರ ಜೊತೆಗಿದೆ. ನಿನ್ನೆ ತಂಗಿದವರು ಹಾಕಿಹೋದ ಹಣದಲ್ಲಿ ಇಂದಿನವರ ಅಡುಗೆ, ಇಂದಿನವರು ಹಾಕಿದ್ದರಲ್ಲಿ ನಾಳೆಯವರ ಅಡುಗೆ. ಇಂಥ ಕಾಣಿಕೆ ಛತ್ರಗಳು ದಾರಿಯುದ್ದಕ್ಕೂ ಅಲ್ಲಲ್ಲಿವೆ. ನೋಡಿಕೊಳ್ಳುವವರು ಹೆಚ್ಚಾಗಿ ಹಿಂದೊಮ್ಮೆ ತಾವೇ ನಡೆದು, ಈಗ ಸಂಬಳವಿಲ್ಲದೆ ಹದಿನೈದು ದಿನದ ಸೇವೆಗೆ ಬಂದ ಸ್ವಯಂಸೇವಕರು. ನೆಲ ಗುಡಿಸುವುದು, ಶೌಚಾಲಯ ತೊಳೆಯುವುದು, ಬೊಬ್ಬೆ ಬಂದ ಕಾಲಿಗೆ ಪಟ್ಟಿ ಕಟ್ಟುವುದು ಎಲ್ಲ ಅವರೇ.

ಯುಗಾದಿಗೆ ಮುಂಚೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಸೀಮೆಯಿಂದ ಶ್ರೀಶೈಲಕ್ಕೆ ನಡೆದವರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಊರೂರಿನವರು ದಾಸೋಹ ನಡೆಸುತ್ತಾರೆ, ಉಂಡವರು ಮುಂದಿನ ವರ್ಷ ತಾವೂ ಅಕ್ಕಿ ಬೇಳೆ ಕಳಿಸುತ್ತಾರೆ. ಎರಡೂ ಕಡೆ ನಡೆಯುವವರನ್ನು ನಡೆಸುವುದು ಹಿಂದೆ ನಡೆದುಹೋದವರ ಉಪಕಾರ.

ಸಹಾಯಾರ್ಥ ಯಾತ್ರಿಯ ಪರೀಕ್ಷೆ ಇಲ್ಲೇ. ಸಂಸ್ಥೆಗೆ ಹೆಚ್ಚು ಹಣ ಉಳಿಸಬೇಕೆಂಬ ಸದುದ್ದೇಶದಿಂದಲೇ ಕೆಲವರು ದಾರಿಯ ಖರ್ಚನ್ನು ಹಿಂಡುತ್ತಾರೆ. ದುಡ್ಡು ಕೊಟ್ಟು ಉಳಿಯುವ ತಂಗುದಾಣ ಬಿಟ್ಟು ಕಾಣಿಕೆ ಛತ್ರಗಳನ್ನೇ ಹುಡುಕುತ್ತಾರೆ, ಊಟ ಹಾಸಿಗೆ ಎರಡನ್ನೂ ಪಡೆದು ಪೆಟ್ಟಿಗೆಗೆ ಚಿಲ್ಲರೆ ಹಾಕಿ ಹೊರಡುತ್ತಾರೆ. ನಾನು ಒಳ್ಳೆಯ ಕೆಲಸಕ್ಕೆ ನಡೆಯುತ್ತಿದ್ದೇನೆ, ಹಾಗಾಗಿ ಒಂದು ಊಟ ಪಡೆಯುವ ಹಕ್ಕು ನನಗಿದೆ ಎಂಬ ಎಣಿಕೆ ಅದರ ಹಿಂದಿರುತ್ತದೆ. ಈ ಎಣಿಕೆ ತಪ್ಪು. ಗ್ರಾನ್ಯೋನ್‌ನ ಪೆಟ್ಟಿಗೆಯೂ ದಾನವೇ. ಅದು ನಾಳೆ ಕೈಯಲ್ಲಿ ಕಾಸಿಲ್ಲದೆ ಬರುವ ಯುವಕನ ಊಟ. ಅಲ್ಲಿಂದ ಉಳಿಸಿದ ಹತ್ತು ಯೂರೊ ಲಂಡನ್ನಿನ ಆಸ್ಪತ್ರೆಗೆ ತಲುಪಿದರೆ ಒಂದು ದಾನದಿಂದ ಕಿತ್ತು ಇನ್ನೊಂದಕ್ಕೆ ಹಾಕಿದಂತಾಯಿತು. ದೊಡ್ಡ ಮೊತ್ತದ ದೇಣಿಗೆ ಪುಟದಲ್ಲಿ ಆ ನಷ್ಟ ಎಲ್ಲೂ ನಮೂದಾಗುವುದಿಲ್ಲ. ಕಾಣಿಕೆ ಪೆಟ್ಟಿಗೆ ಸೊರಗಿದ ಛತ್ರ ಮಾತ್ರ ಒಂದೋ ದರಪಟ್ಟಿ ತೂಗುಹಾಕಬೇಕಾಗುತ್ತದೆ, ಇಲ್ಲವೇ ಬಾಗಿಲು ಹಾಕಬೇಕಾಗುತ್ತದೆ.

ಹಣಕ್ಕೂ ನಡಿಗೆಗೂ ಇರುವ ನಂಟನ್ನು ತೀರ ಬೇರೆ ರೀತಿಯಲ್ಲಿ ಯೋಚಿಸಿದ ಒಂದು ಯಾತ್ರೆಯ ಬೇರು ಬೆಂಗಳೂರಿನಲ್ಲಿದೆ. ಅಣುಬಾಂಬನ್ನು ವಿರೋಧಿಸಿದ ಇಳಿವಯಸ್ಸಿನ ಬರ್ಟ್ರಂಡ್ ರಸೆಲ್ 1961ರಲ್ಲಿ ಜೈಲು ಸೇರಿದ ಸುದ್ದಿಯನ್ನು ಬೆಂಗಳೂರಿನ ಒಂದು ಕಾಫಿ ಹೋಟೆಲಿನಲ್ಲಿ ಓದಿದ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ಇಬ್ಬರು ಗೆಳೆಯರು ಅಣ್ವಸ್ತ್ರ ರಾಷ್ಟ್ರಗಳ ರಾಜಧಾನಿಗಳಿಗೆ ನಡೆದೇ ಹೋಗುವುದೆಂದು ನಿಶ್ಚಯಿಸಿದರು. ಆಶೀರ್ವಾದ ಕೇಳಲು ಹೋದಾಗ ವಿನೋಬಾ ಭಾವೆ ಕೊಟ್ಟ ಸಲಹೆ, ಕೈಯಲ್ಲಿ ಒಂದು ಪೈಸೆಯೂ ಇಟ್ಟುಕೊಳ್ಳಬೇಡಿ ಎಂದು. ದುಡ್ಡಿದ್ದರೆ ಹೋಟೆಲಿನಲ್ಲಿ ಉಂಡು ಮಲಗುತ್ತೀರಿ. ಇಲ್ಲದಿದ್ದರೆ ಯಾರದ್ದಾದರೂ ಬಾಗಿಲು ತಟ್ಟಲೇಬೇಕು, ಮಾತಾಡಲೇಬೇಕು ಎಂಬುದು ಅದರ ಹಿಂದಿನ ಯೋಚನೆ. 1962ರಲ್ಲಿ ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟ ಇಬ್ಬರೂ ಮಾಸ್ಕೊ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ ಮುಟ್ಟಿದ್ದು ಅಪರಿಚಿತರ ಅನ್ನ ಉಂಡು. ಮುಂದೆ ಐವತ್ತರ ವಯಸ್ಸಿನಲ್ಲಿ ಬ್ರಿಟನ್ನಿನ ಪುಣ್ಯಸ್ಥಳಗಳಿಗೆ ನಡೆದಾಗಲೂ ಸತೀಶ್ ಕುಮಾರ್ ಹಣ ಒಯ್ಯಲಿಲ್ಲ. ಎಲ್ಲರೂ ಹಾಗೆ ನಡೆಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಯಾತ್ರೆ ಮನುಷ್ಯನಿಗೆ ಕಲಿಸುವ ಮೊದಲ ಪಾಠ ಪಡೆಯುವುದು ಎಂಬುದನ್ನು ಈ ಇಬ್ಬರು ನಡೆದು ತೋರಿಸಿದರು. ದೇಣಿಗೆ ಪುಟದ ಅಪಾಯವಿರುವುದು ಈ ಪಾಠ ತಪ್ಪಿಸುವುದರಲ್ಲಿ. ಹೊರಡುವ ಮುಂಚೆಯೇ ಯಾತ್ರಿಯನ್ನು ಅದು ಕೊಡುವವರ ಸಾಲಿನಲ್ಲಿ ನಿಲ್ಲಿಸುತ್ತದೆ. ದಿನವಿಡೀ ಮೆಚ್ಚುಗೆಯ ಸಂದೇಶಗಳು ಬರುತ್ತಿದ್ದರೆ ತಟ್ಟೆಗೆ ಸೂಪು ಬಡಿಸಿದ ಸ್ವಯಂಸೇವಕಿಯ ಮುಂದೆ ತಲೆಬಾಗುವುದು ಮರೆತುಹೋಗಬಹುದು.

ಗುರಿಯ ಒತ್ತಡ ದೇಹವನ್ನೂ ಬಿಡುವುದಿಲ್ಲ. ಮಂಡಿ ಊದಿಕೊಂಡಾಗ, ಮೊಣಕಾಲ ಕೆಳಗಿನ ಸ್ನಾಯು ಸೆಳೆದಾಗ ಒಂದೆರಡು ದಿನ ನಿಲ್ಲು, ಆಗದಿದ್ದರೆ ಮನೆಗೆ ಹೋಗು ಎಂದು ಹೇಳುವ ಹಕ್ಕು ದಾರಿಗಿದೆ. ಊರಲ್ಲಿ ಇನ್ನೂರು ಜನ ಹಣ ಕೊಟ್ಟು ಕಾಯುತ್ತಿದ್ದಾರೆಂದಾಗ ಆ ಮಾತು ಕಿವಿಗೆ ಬೀಳುವುದಿಲ್ಲ. ಕೊಡುವವರು ಇಲ್ಲಿ ಸಹಾಯ ಮಾಡಬಹುದು: ಮುಗಿಸಿದರೆ ಕೊಡುತ್ತೇನೆ ಎನ್ನುವ ಬದಲು ಹೊರಟಾಗಲೇ ಕೊಟ್ಟುಬಿಡಬಹುದು. ನಡಿಗೆ ಅರ್ಧಕ್ಕೆ ನಿಂತರೂ ರೋಗಿಯ ಅಗತ್ಯ ಅರ್ಧವಾಗುವುದಿಲ್ಲವಲ್ಲ.

ಕೂಡಿದ ಹಣದ ಮುಂದಿನ ಗತಿಯನ್ನೂ ಕೇಳಬೇಕು. 2020ರಲ್ಲಿ ನೂರನೇ ಹುಟ್ಟುಹಬ್ಬದ ಹೊಸ್ತಿಲಲ್ಲಿದ್ದ ಬ್ರಿಟನ್ನಿನ ಟಾಮ್ ಮೂರ್ ವಾಕರ್ ಹಿಡಿದು ತಮ್ಮ ತೋಟದಲ್ಲಿ ನೂರು ಸುತ್ತು ನಡೆದರು. ಸಾವಿರ ಪೌಂಡ್ ಗುರಿಯಿಟ್ಟಿದ್ದವರಿಗೆ ಮೂರು ಕೋಟಿ ಪೌಂಡ್ ದಾಟಿ ಬಂತು, ಅದು ಸಾರ್ವಜನಿಕ ಆರೋಗ್ಯ ಸೇವೆಯ ಸಹಾಯಾರ್ಥ ಸಂಸ್ಥೆಗಳಿಗೆ ತಲುಪಿತು. ಅವರ ಹೆಸರಲ್ಲಿ ಆಮೇಲೆ ಹುಟ್ಟಿದ ಪ್ರತಿಷ್ಠಾನದ ಆಡಳಿತದಲ್ಲಿ ಮಾತ್ರ ಮನೆಯವರಿಂದ ಗಂಭೀರ ಲೋಪಗಳಾಗಿವೆಯೆಂದು ಅಲ್ಲಿನ ಚಾರಿಟಿ ಕಮಿಷನ್ 2024ರ ವರದಿಯಲ್ಲಿ ಹೇಳಿತು. ನಡೆದವರ ಪ್ರಾಮಾಣಿಕತೆ ಹಣ ನಿರ್ವಹಿಸುವವರಿಗೆ ತಾನಾಗಿ ಬರುವುದಿಲ್ಲ. ಯಾತ್ರಿ ಹಣವನ್ನು ತನ್ನ ಖಾತೆಗೆ ಹಾಕಿಸಿಕೊಳ್ಳದೆ ನೋಂದಾಯಿತ ಸಂಸ್ಥೆಗೆ ನೇರವಾಗಿ ತಲುಪಿಸಬೇಕು, ಮರಳಿದ ಮೇಲೆ ಬಂದದ್ದೆಷ್ಟು, ಏನಾಯಿತೆಂದು ಕೊಟ್ಟವರಿಗೆಲ್ಲ ತಿಳಿಸಬೇಕು.

ಇಷ್ಟೆಲ್ಲ ತೂಗಿದ ಮೇಲೂ ಸಹಾಯಾರ್ಥ ಯಾತ್ರೆಯ ಪರವಾಗಿಯೇ ನನ್ನ ಮತ. ನೋವನ್ನು ನಡಿಗೆಯಾಗಿಸಿ, ಆ ನಡಿಗೆಯಿಂದ ಇನ್ನೊಬ್ಬರ ನೋವಿಗೆ ಮದ್ದು ತರುವುದು ದೊಡ್ಡ ಕೆಲಸ, ಅದನ್ನು ಮಾಡುವವರ ಬಗ್ಗೆ ನನಗೆ ಗೌರವವಿದೆ. ಆ ಗೌರವಕ್ಕೆ ತಕ್ಕಂತೆ ಅವರಿಂದ ಬಯಸುವುದೂ ಹೆಚ್ಚು. ಪ್ರವಾಸದ ಖರ್ಚು ಸ್ವಂತದ್ದಾಗಿರಲಿ. ಆಗದಿದ್ದರೆ ಹಣ ಕೇಳುವಾಗಲೇ ಅದನ್ನು ಹೇಳಲಿ. ಎಷ್ಟು ದೂರ, ಎಂಥ ಅನುಕೂಲದಲ್ಲಿ ನಡೆಯುತ್ತೇವೆಂದು ಇದ್ದದ್ದು ಇದ್ದಂತೆ ಬರೆಯಲಿ. ಕಾಣಿಕೆ ಛತ್ರದಲ್ಲಿ ತಂಗಿದ ದಿನ, ದುಡ್ಡು ಕೊಟ್ಟು ಉಳಿಯುವ ತಂಗುದಾಣದಲ್ಲಿ ಎಷ್ಟು ತೆರುತ್ತಿದ್ದರೋ ಅದಕ್ಕೆ ಕಡಿಮೆಯಿಲ್ಲದಂತೆ ಪೆಟ್ಟಿಗೆಗೆ ಹಾಕಲಿ. ಸಾಧ್ಯವಾದವರು ಮತ್ತೊಂದು ವರ್ಷ ಹದಿನೈದು ದಿನ ಅದೇ ದಾರಿಯಲ್ಲಿ ಕಸ ಗುಡಿಸಲು, ಅಡುಗೆ ಮಾಡಲು ಹೋಗಲಿ. ಕೊಡುವ ನಾವೂ ಗುರಿ ತಲುಪಿತೇ ಎಂದು ಮಾತ್ರ ಕೇಳಿ ಸುಮ್ಮನಾಗದೆ, ದಾರಿಯಲ್ಲಿ ಯಾರ ಅನ್ನ ಉಂಡಿರಿ, ಅವರಿಗೇನು ಕೊಟ್ಟಿರಿ ಎಂದು ವಿಚಾರಿಸೋಣ. ಆ ಪ್ರಶ್ನೆಗೆ ನಿಸ್ಸಂಕೋಚವಾಗಿ ಉತ್ತರ ಹೇಳಬಲ್ಲ ಯಾತ್ರಿ ಕೂಡಿಸಿದ ಐವತ್ತು ಪೌಂಡು ಕೂಡ ಪೂರ್ಣ ದಾನ. ಉತ್ತರಿಸಲಾಗದವರು ಐವತ್ತು ಸಾವಿರ ಕೂಡಿಸಿದರೂ ಆ ಮೊತ್ತದಲ್ಲಿ ದಾರಿಗೆ ಕೊಡಬೇಕಾದ ಬಾಕಿ ಸೇರಿರುತ್ತದೆ, ಅದನ್ನು ಮೊದಲು ತೀರಿಸಬೇಕು.