ಖಳನ ಪತನ, ಪ್ರೇಕ್ಷಕನ ಅನುಮೋದನೆ

‘ಸ್ನೋ ವೈಟ್’ (೧೯೩೭) ಚಿತ್ರದ ದುಷ್ಟ ರಾಣಿಯನ್ನು ಯಾರೂ ಕೊಲ್ಲುವುದಿಲ್ಲ. ಕುಳ್ಳರ ಮೇಲೆ ಬಂಡೆಯುರುಳಿಸಲು ಹವಣಿಸುತ್ತಿರುವಾಗ ಸಿಡಿಲೆರಗಿ ಅವಳು ಪ್ರಪಾತಕ್ಕೆ ಬೀಳುತ್ತಾಳೆ, ರಣಹದ್ದುಗಳು ಕೆಳಗಿಳಿಯುತ್ತವೆ. ‘ಬ್ಯೂಟಿ ಅಂಡ್ ದ ಬೀಸ್ಟ್’ನ (೧೯೯೧) ಗ್ಯಾಸ್ಟನ್ ಆಯತಪ್ಪಿ ಬೀಳುತ್ತಾನೆ, ‘ದ ಲಯನ್ ಕಿಂಗ್’ನ (೧೯೯೪) ಸ್ಕಾರ್ ಕತ್ತೆಕಿರುಬಗಳ ಪಾಲಾಗುತ್ತಾನೆ. ನಾಯಕನ ಕೈಗೆ ರಕ್ತ ಅಂಟದಂತೆ ಡಿಸ್ನಿ ಸಂಸ್ಥೆಯ ಕಥೆಗಾರರು ವಹಿಸಿದ ಎಚ್ಚರಿಕೆಯಿದು. ಆದರೆ ಅವನ ಪರವಾಗಿ ವಿಧಿಯೇ ಕೊಂದಾಗ ಪುಟ್ಟ ಪ್ರೇಕ್ಷಕ ಚಪ್ಪಾಳೆ ತಟ್ಟುತ್ತಾನಲ್ಲ, ಆ ಅನುಮೋದನೆಯ ಲೆಕ್ಕವೆಲ್ಲಿ? (‘ಸ್ಲೀಪಿಂಗ್ ಬ್ಯೂಟಿ’ಯ (೧೯೫೯) ರಾಜಕುಮಾರ ಡ್ರ್ಯಾಗನ್ನಿನ ಎದೆಗೆ ಖಡ್ಗವೆಸೆಯುತ್ತಾನೆ, ಅದಾದರೂ ಪ್ರಾಮಾಣಿಕ.)

‘ಮೊಆನಾ’ (೨೦೧೬) ಈ ಹಾದಿಯನ್ನು ತೊರೆಯಿತು. ಬೆಂಕಿಯುಗುಳುವ ರಾಕ್ಷಸಿ ತೇ ಕಾ, ಹೃದಯ ಕಳವಾದ ಮಾತೃದೇವತೆ ತೇ ಫಿತಿಯೇ ಎಂಬುದನ್ನು ಬಾಲೆ ಗುರುತಿಸುತ್ತಾಳೆ. ಸಮುದ್ರ ಇಬ್ಭಾಗವಾಗುತ್ತದೆ, ಧಾವಿಸಿ ಬರುವ ಉರಿಯೆದುರು ಅವಳು ನಿರಾಯುಧಳಾಗಿ, ಅವಸರವಿಲ್ಲದೆ ನಡೆಯುತ್ತಾಳೆ. ವೈರಿಯನ್ನು ಉಳಿಸಿಕೊಂಡೇ ವೈರವನ್ನು ಕಳೆಯುವ ಇಂಥ ದೃಶ್ಯ ಈ ಪರಂಪರೆಯಲ್ಲಿ ಅಪರೂಪ. ಹೃದಯ ಕದ್ದ ಮಾವಿಯ ಪಶ್ಚಾತ್ತಾಪ ಮಾತ್ರ ಎರಡು ಮಾತಿನಲ್ಲಿ ಮುಗಿದು, ಅವನು ಕಳೆದುಕೊಂಡ ಮಾಯಾಕೊಕ್ಕೆ ಕೂಡಲೇ ಮರಳಿ ದೊರೆಯುತ್ತದೆ. ಸಾವಿರ ವರ್ಷ ಉರಿದವಳ ಕ್ಷಮೆಯನ್ನು ಚಿತ್ರ ಹಾಸ್ಯದ ಲಘುತ್ವದಲ್ಲಿ ಮುಗಿಸಿಬಿಡುತ್ತದೆ.