ನಾಲ್ಕು ತಾಲ್ಲೂಕಿನ ನೀರು, ಎಂಟು ಬಾಟಲಿ

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದರೆ ನಾನು ಜ್ವಾಲಾಮುಖಿಯ ಮುಂದೆ ನಿಲ್ಲುವುದಿಲ್ಲ. ಥರ್ಮಾಕೋಲಿನ ಬೆಟ್ಟ, ಅದರ ಬಾಯೊಳಗೆ ಅಡುಗೆ ಸೋಡಾ, ಮೇಲಿಂದ ವಿನೆಗರ್. ಬುಸ್ಸೆಂದು ನೊರೆ ಉಕ್ಕುತ್ತದೆ, ಮುಖ್ಯ ಅತಿಥಿಗಳು ಚಪ್ಪಾಳೆ ತಟ್ಟುತ್ತಾರೆ. ಬೆಳಿಗ್ಗೆ ಹತ್ತಕ್ಕೂ ಅದೇ, ಸಂಜೆ ನಾಲ್ಕಕ್ಕೂ ಅದೇ. ಎಷ್ಟು ಸೋಡಾಕ್ಕೆ ಎಷ್ಟು ನೊರೆ ಎಂದು ಅಳೆದು ಬರೆದಿಟ್ಟಿದ್ದರೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ನನ್ನ ಕಣ್ಣು ಹುಡುಕುವುದು ಮೂಲೆಯ ಡೆಸ್ಕನ್ನು. ಅಲ್ಲಿ ಪ್ರನಾಳ, ಡ್ರಾಪರ್, ಗೆರೆ ಎಳೆದ ನೋಟ್‌ಬುಕ್ ಇಟ್ಟುಕೊಂಡು ಯಾರಾದರೂ ಹನಿ ಎಣಿಸುತ್ತಿದ್ದರೆ ಆ ದಿನದ ಪ್ರಯಾಣ ಸಾರ್ಥಕ.

ಮಂಡ್ಯ ಸೀಮೆಯ ಶಾಲೆಗಳಿಗೆ ಹೇಳಿ ಮಾಡಿಸಿದ್ದು ನೀರಿನ ಗಡಸುತನದ ಪ್ರಯೋಗ. ಬೋರ್ ನೀರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ ಅನ್ನುವ ದೂರು ಇಲ್ಲಿ ಮನೆಮನೆಯಲ್ಲೂ ಉಂಟು. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಮೊದಲು ಸೋಪನ್ನು ಹಿಡಿದು ಬಿಳಿ ಗಷ್ಟು ಮಾಡುತ್ತವೆ. ಅವುಗಳ ಪಾಲು ತೀರಿದ ಮೇಲೆಯೇ ನೊರೆ. ಹಾಗಾಗಿ ನೊರೆ ನಿಲ್ಲಲು ಎಷ್ಟು ಹನಿ ಸೋಪಿನ ದ್ರಾವಣ ಬೇಕಾಯಿತು ಎಂಬುದೇ ಗಡಸುತನದ ಅಳತೆ. 1840ರ ದಶಕದಲ್ಲಿ ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಬಳಕೆಗೆ ತಂದ ಉಪಾಯ ಇದು. ಇವತ್ತಿಗೂ ಇದಕ್ಕೆ ಕರೆಂಟು ಬೇಡ, ಕಿಟ್ಟು ಬೇಡ.

ಮಕ್ಕಳು ಮಾಡುವುದು ಹೀಗೆ. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಒಂದು ಬಾಟಲಿ ಕಾವೇರಿ, ಪಾಂಡವಪುರ ಕಡೆಯಿಂದ ತೊಣ್ಣೂರು ಕೆರೆಯ ನೀರು, ಕೆ.ಆರ್. ಪೇಟೆಯ ಹೇಮಗಿರಿಯಲ್ಲಿ ಹಿಡಿದ ಹೇಮಾವತಿ, ನಾಗಮಂಗಲದ್ದು ಒಂದು. ಪ್ರತಿಯೊಂದರಿಂದ 10 ಮಿಲಿಲೀಟರ್ ಪ್ರನಾಳಕ್ಕೆ. ಸೋಪಿನ ದ್ರಾವಣ ಒಂದೊಂದೇ ಹನಿ ಬಿಟ್ಟು, ಬೆರಳು ಮುಚ್ಚಿ ಹತ್ತು ಸಲ ಕುಲುಕಿ, ನೊರೆ ಎರಡು ನಿಮಿಷ ನಿಲ್ಲುವವರೆಗೂ ಹನಿ ಎಣಿಕೆ. ನಾವು ಬದಲಿಸುವುದು ನೀರು, ಅದು ಸ್ವತಂತ್ರ ಚರ. ಎಣಿಸುವುದು ಹನಿ, ಅದು ಅವಲಂಬಿತ ಚರ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಬರುತ್ತದೆ. ಆದರೆ ಈ ಪ್ರಯೋಗದ ಸ್ವಾರಸ್ಯ ಇರುವುದು ಬದಲಾಗಬಾರದವುಗಳನ್ನು ಕಾಯುವುದರಲ್ಲಿ.

ಡ್ರಾಪರನ್ನೇ ನೋಡಿ. ನೆಟ್ಟಗೆ ಹಿಡಿದರೆ ಒಂದು ಗಾತ್ರದ ಹನಿ, ಓರೆ ಹಿಡಿದರೆ ಇನ್ನೊಂದು. ಒಬ್ಬಳು ಮೆಲ್ಲಗೆ ಕುಲುಕುತ್ತಾಳೆ, ಇನ್ನೊಬ್ಬ ಪ್ರನಾಳ ಒಡೆದೇಹೋಗುವಂತೆ ಕುಲುಕುತ್ತಾನೆ. ಕೊನೆಯವರೆಗೂ ಒಂದೇ ಕೈ ಇರಬೇಕು. ಸೋಪು ಮೈಸೂರು ಸ್ಯಾಂಡಲ್ಲಿನಂಥ ನಿಜವಾದ ಸೋಪೇ ಆಗಬೇಕು. ಶಾಂಪೂ, ಬಟ್ಟೆಯ ಪೌಡರ್ ತಂದರೆ ನಾಲ್ಕರಲ್ಲೂ ಚೆನ್ನಾಗಿಯೇ ನೊರೆ ಬಂದು ಪ್ರಯೋಗ ಅಲ್ಲಿಗೇ ಮುಗಿಯುತ್ತದೆ. ಸೋಪು ಕರಗಿಸಲು ಶಾಲೆಯ ನಲ್ಲಿ ನೀರು ಹಿಡಿದರೂ ಕೆಟ್ಟಿತು, ಆ ನೀರಿನ ಗಡಸುತನವೇ ಅರ್ಧ ಸೋಪು ತಿಂದಿರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತನ್ನಿ. ಉಳಿದದ್ದನ್ನು ಐದನೇ ಪ್ರನಾಳಕ್ಕೆ ಹಾಕಿ ಹೋಲಿಕೆಗೂ ಇಟ್ಟುಕೊಳ್ಳಬಹುದು.

ಇಷ್ಟೆಲ್ಲ ಅಚ್ಚುಕಟ್ಟಾಗಿ ಮಾಡಿದ ಹುಡುಗಿಯೊಬ್ಬಳ ಚಾರ್ಟಿನ ಕೆಳಗೆ ಕೆಂಪು ಸ್ಕೆಚ್‌ಪೆನ್ನಿನ ತೀರ್ಮಾನವಿತ್ತು: ನಾಗಮಂಗಲದ ನೀರು ಗಡಸು.

‘ನಾಗಮಂಗಲದ್ದು ಎಲ್ಲಿ ಹಿಡಿದೆಯವ್ವ?’

‘ಅತ್ತೆ ಮನೆ ಬೋರಲ್ಲಿ ಸಾರ್.’

‘ಮಿಕ್ಕ ಮೂರು?’

‘ಹೊಳೇದು, ಕೆರೇದು...’ ಎಂದವಳು ಅಲ್ಲೇ ನಿಲ್ಲಿಸಿ ಚಾರ್ಟಿನ ಕಡೆ ತಿರುಗಿದಳು. ನಾನು ಹೇಳುವುದು ಏನೂ ಉಳಿದಿರಲಿಲ್ಲ.

ತಾಲ್ಲೂಕಿನ ಜತೆಗೆ ನೀರಿನ ಮೂಲವೂ ಬದಲಾಗಿತ್ತು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಕೊಳವೆಬಾವಿ ನೀರು ಲವಣ ಕರಗಿಸಿಕೊಂಡು ಸಾಮಾನ್ಯವಾಗಿ ಗಡಸೇ ಆಗಿರುತ್ತದೆ, ಅದು ಶ್ರೀರಂಗಪಟ್ಟಣದ್ದಾದರೂ ಸರಿ. ಎರಡು ಸಂಗತಿ ಒಟ್ಟಿಗೆ ಬದಲಾದಾಗ ಕಣ್ಣಿಗೆ ಬಿದ್ದ ಒಂದಕ್ಕೆ ಫಲ ಕಟ್ಟಿಬಿಡುವುದು ಎಲ್ಲ ಊರಿನ ಮಕ್ಕಳ ಪಾಡು. ಜಿನೀವಾದಲ್ಲಿ ಬಾರ್ಬೆಲ್ ಇನ್‌ಹೆಲ್ಡರ್ ಮತ್ತು ಜೀನ್ ಪಿಯಾಜೆ 1950ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಕೈಗೆ ಲೋಲಕ ಕೊಟ್ಟಿದ್ದರು. ಚಿಕ್ಕವರು ದಾರದ ಉದ್ದವನ್ನೂ ಗುಂಡಿನ ತೂಕವನ್ನೂ ಒಟ್ಟೊಟ್ಟಿಗೆ ಬದಲಿಸಿ, ತೂಕದಿಂದಲೇ ವೇಗ ಬದಲಾಯಿತು ಅನ್ನುತ್ತಿದ್ದರು.

ಹಾಗಾದರೆ ಬಾಟಲಿ ಎಂಟಾಗಲಿ. ಪ್ರತಿ ತಾಲ್ಲೂಕಿನಿಂದ ಹೊಳೆಯದ್ದೋ ಕೆರೆಯದ್ದೋ ಒಂದು, ಬೋರಿನದ್ದು ಒಂದು. ಆಗ ತಾಲ್ಲೂಕಿನೊಳಗೇ ಹನಿಗಳ ವ್ಯತ್ಯಾಸ ಕಳೆದು ನೋಡಬಹುದು. ಇದು ಹೊಸದೇನಲ್ಲ, 1931ರಲ್ಲಿ ಶುರುವಾದ ಮಂಡ್ಯದ ವಿ.ಸಿ. ಫಾರಂನ ತಾಕುಗಳಲ್ಲಿ ನಡೆಯುವುದೂ ಇದೇ ಲೆಕ್ಕ. ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮದರೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ನೆಲ ಅದು. ಹೊಸ ತಳಿಯನ್ನು ನಾಲೆ ಪಕ್ಕದ ಹಸನಾದ ತಾಕಿನಲ್ಲಿ, ಹಳೆಯದನ್ನು ತುದಿಯ ತಾಕಿನಲ್ಲಿ ಬಿತ್ತಿದರೆ ಗೆದ್ದದ್ದು ತಳಿಯೋ ನೆಲವೋ ಗೊತ್ತಾಗದು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ 1919ರಲ್ಲಿ ಸೇರಿದ ಆರ್.ಎ. ಫಿಷರ್ ಇದಕ್ಕೊಂದು ದಾರಿ ಹಾಕಿಕೊಟ್ಟರು: ಒಂದೇ ಗುಣದ ನೆಲವನ್ನು ಒಂದು ಬ್ಲಾಕ್ ಮಾಡು, ಪ್ರತಿ ಬ್ಲಾಕಿನಲ್ಲೂ ಎಲ್ಲ ತಳಿಗಳನ್ನೂ ಬಿತ್ತು, ಯಾವುದು ಯಾವ ತಾಕಿಗೆ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡು. ನಮ್ಮ ಹುಡುಗಿಗೆ ತಾಲ್ಲೂಕೇ ಬ್ಲಾಕು. ಯಾವ ಬಾಟಲಿಯನ್ನು ಮೊದಲು ಪರೀಕ್ಷಿಸುವುದು ಎಂಬುದಕ್ಕೂ ಚೀಟಿ ಎತ್ತಲಿ, ಹನಿ ಎಣಿಸಿ ಎಣಿಸಿ ಕೈ ಸೋಲುವುದೂ ಒಂದು ಚರವೇ.

ಬಾಟಲಿಗೆ ಅಂಟಿಸುವ ಚೀಟಿಯಲ್ಲಿ ಊರಿನ ಹೆಸರೊಂದೇ ಸಾಲದು. ತಾರೀಖು, ಬೋರಿನ ಆಳ, ಆ ವಾರ ಮಳೆ ಬಿದ್ದಿತ್ತೇ, ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಿದ್ದರೇ ಎಂಬುದೂ ಬೇಕು. ನಾಲೆ ಹರಿಯುವಾಗ ಅಚ್ಚುಕಟ್ಟಿನ ಬಾವಿಗಳಲ್ಲಿ ನೀರು ಮೇಲೇರುತ್ತದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಇಂಥ ಕೆಲಸ ಒಯ್ದವರಿಗೆ ತೀರ್ಪುಗಾರರು ಮೊದಲು ಕೇಳಬೇಕಾದದ್ದು ಈ ಚೀಟಿಯನ್ನೇ ಎಂದು ನನ್ನ ಮತ. ಬಣ್ಣದ ಚಾರ್ಟು ಆಮೇಲೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ಮೇಷ್ಟ್ರುಗಳು ಕಲಿಸುತ್ತಾರೆ. ಕಲಿಯುವಾಗ ಅದು ಸರಿ. ಫಿಷರ್ ಮಾತ್ರ ಇದನ್ನು ಒಪ್ಪಿದವರಲ್ಲ. ಎಲ್ಲ ಜೋಡಣೆಗಳನ್ನೂ ಇಟ್ಟು ನೋಡುವುದಾದರೆ ಎರಡನ್ನು ಒಟ್ಟಿಗೇ ಬದಲಿಸಬಹುದು. ಎಂಟೂ ನೀರನ್ನು ಹಸಿಯಾಗಿ ಒಮ್ಮೆ, ಕುದಿಸಿ ಆರಿಸಿ ಇನ್ನೊಮ್ಮೆ ಪರೀಕ್ಷಿಸಿದರೆ ಹದಿನಾರು ಪ್ರನಾಳ. ಬೈಕಾರ್ಬೊನೇಟಿನ ಗಡಸುತನ ಕುದಿಸಿದರೆ ಹೋಗುತ್ತದೆ, ಸಲ್ಫೇಟಿನದ್ದು ಹೋಗುವುದಿಲ್ಲ. ಹಾಗಾಗಿ ಕುದಿಸುವುದರಿಂದ ಹನಿಗಳು ಕಡಿಮೆಯಾಗುವುದು ಬೋರಿನಲ್ಲಿ ಹೆಚ್ಚೋ ಹೊಳೆಯಲ್ಲಿ ಹೆಚ್ಚೋ ಎಂಬುದೂ ತಿಳಿಯುತ್ತದೆ. ಒಂದೇ ಎಚ್ಚರ: ಕುದಿಯುವಾಗ ನೀರು ಇಂಗಿ ಉಳಿದ ಲವಣ ಗಟ್ಟಿಯಾಗುತ್ತದೆ. 100 ಮಿಲಿಲೀಟರ್ ಕುದಿಸಿದ್ದರೆ, ಆರಿಸಿ, ಬಿಳಿ ಪುಡಿ ಸೋಸಿ, ಬ್ಯಾಟರಿ ನೀರು ಬೆರೆಸಿ ಮತ್ತೆ 100ಕ್ಕೆ ತಂದುಕೊಂಡು ಆಮೇಲೆ ಡ್ರಾಪರ್ ಹಿಡಿಯಿರಿ.